ಅಂತರಿಕ್ಷ ನೌಕೆಯಲ್ಲಿ ಅವನಿಗೊಂದು ಸೀಟು

ಇಬ್ಬರು ಗಂಡಸರು ಕನ್ನಡಿಯ ಮುಂದೆ ನಿಂತು ಹಲ್ಲುಜ್ಜುತ್ತಿದ್ದಾರೆ. ಇಬ್ಬರ ಮೈಮೇಲೂ ಒಂದೇ ನಮೂನೆಯ ರಾತ್ರಿ ಉಡುಪು. ಒಬ್ಬ ವಿಜ್ಞಾನಿ, ಇನ್ನೊಬ್ಬ ಡಾಕ್ಟರು. ವಿಜ್ಞಾನಿ ಮಹಾಶಯ ಅವತ್ತು ಯಾರನ್ನೂ ಕೇಳದೆ ಬೇರೊಂದು ಜೀವಿಯ ವಂಶವಾಹಿಯನ್ನು ತನ್ನ ಮೈಗೇ ಸೇರಿಸಿಕೊಂಡು ಪ್ರಯೋಗ ಮಾಡಿದ್ದಾನೆ. ಬದುಕಿ ಬಂದದ್ದೇ ಹೆಚ್ಚು. ಡಾಕ್ಟರಿಗೆ ಅದೇ ಸಿಟ್ಟು. ಬ್ರಷ್ ಕೈಯಲ್ಲಿ ಹಿಡಿದೇ ಮಾತು ನಡೆಯುತ್ತದೆ. ಸಂಸಾರ ಹಳೆಯದಾದ ಯಾವ ಮನೆಯ ಬಚ್ಚಲಲ್ಲೂ ಕೇಳಿಸಬಹುದಾದ ಮಾತು. ಬಚ್ಚಲು ಮಾತ್ರ ಭೂಮಿಯ ಮೇಲಿಲ್ಲ, ನಕ್ಷತ್ರಗಳ ನಡುವೆ ಹೊರಟ ಹಡಗೊಂದರಲ್ಲಿದೆ.

ಇದು 2017ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್: ಡಿಸ್ಕವರಿ’ಯ ಮೊದಲ ಸೀಸನ್ನಿನ ದೃಶ್ಯ. ವಿಜ್ಞಾನಿಯ ಹೆಸರು ಪಾಲ್ ಸ್ಟ್ಯಾಮೆಟ್ಸ್, ಡಾಕ್ಟರ ಹೆಸರು ಹ್ಯೂ ಕಲ್ಬರ್. ಪಾತ್ರ ಮಾಡಿದ ಆಂಟನಿ ರಾಪ್ ಮತ್ತು ವಿಲ್ಸನ್ ಕ್ರೂಜ್ ನಿಜಜೀವನದಲ್ಲೂ ತಾವು ಸಲಿಂಗಿಗಳೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡವರು. ಸ್ಟಾರ್ ಟ್ರೆಕ್ ಟಿವಿಗೆ ಮೊದಲು ಬಂದದ್ದು 1966ರಲ್ಲಿ. ಲೆಕ್ಕ ಹಾಕಿ ನೋಡಿ: ಆ ಕಥಾಲೋಕದ ಟಿವಿಯಲ್ಲಿ ಇಬ್ಬರು ಗಂಡಸರು ಸಂಸಾರಸ್ಥರಂತೆ ಜೊತೆಯಲ್ಲಿ ಹಲ್ಲುಜ್ಜುವುದಕ್ಕೆ 51 ವರ್ಷ ಹಿಡಿಯಿತು. ಅಷ್ಟರೊಳಗೆ ಅಲ್ಲಿ ಚೂಪು ಕಿವಿಯವರು ಬಂದರು, ಹಣೆಯಲ್ಲಿ ಮಡಿಕೆ ಬಿದ್ದವರು ಬಂದರು, ಯಂತ್ರಮಾನವನೊಬ್ಬ ಬಂದು ಬೆಕ್ಕು ಸಾಕಿದ. ಅಮೆರಿಕದಲ್ಲಿ ಕರಿಯರ ಹಕ್ಕಿನ ಹೋರಾಟ ನಡೆಯುತ್ತಿದ್ದ ಕಾಲಕ್ಕೇ ಕಪ್ಪು ಹೆಣ್ಣುಮಗಳೊಬ್ಬಳಿಗೆ ಹಡಗಿನ ಅಧಿಕಾರಿಯ ಕುರ್ಚಿ ಸಿಕ್ಕಿತು. ಶೀತಲ ಸಮರದ ನಡುವೆಯೇ ರಷ್ಯಾದ ಹುಡುಗನೊಬ್ಬ ಬಂದು ಕೂತ. ಎಲ್ಲರಿಗೂ ಸೀಟು ಸಿಕ್ಕಿತು. ಗಂಡಸನ್ನು ಪ್ರೀತಿಸುವ ಗಂಡಸಿಗೆ ಮಾತ್ರ ‘ಮುಂದಿನ ಬಸ್ಸಿಗೆ ಬಾರಪ್ಪ’ ಅಂದರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಓದುಗರಿಗೆ ಇದನ್ನೆಲ್ಲ ಯಾಕೆ ಹೇಳಬೇಕು ಅಂತ ಕೇಳಬಹುದು. ಈ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಹೈಸ್ಕೂಲು, ಕಾಲೇಜಿನ ಮಕ್ಕಳು ಏನು ನೋಡುತ್ತಾರೆ ಅನ್ನುವುದು ಈಗ ಮನೆಯ ಹಾಲಿನಲ್ಲಿರುವ ಟಿವಿಯಿಂದ ಗೊತ್ತಾಗುವುದಿಲ್ಲ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಪಾವಗಡದ ಬಸ್ಸಿಗೆ ಕಾಯುವ ಹುಡುಗರ ಪಕ್ಕ ಐದು ನಿಮಿಷ ನಿಂತರೆ ಗೊತ್ತಾಗುತ್ತದೆ. ಒಬ್ಬನ ಕಿವಿಯಲ್ಲಿ ಒಂದು ಇಯರ್‌ಫೋನು, ಇನ್ನೊಂದು ಪಕ್ಕದವನ ಕಿವಿಯಲ್ಲಿ, ನಡುವೆ ಅಂಗೈಯಗಲದ ಪರದೆ. ಅದರಲ್ಲಿ ಕೊರಿಯಾದವರೂ ಇರುತ್ತಾರೆ, ಸ್ಪೇನಿನವರೂ ಇರುತ್ತಾರೆ, ಅನ್ಯಲೋಕದ ರಾಕ್ಷಸರೂ ಇರುತ್ತಾರೆ. ಪಾವಗಡದ ಮಕ್ಕಳಿಗೆ ಇನ್ನೂ ಒಂದು ಅನುಕೂಲ. ಸುತ್ತ ಹೆಚ್ಚುಕಡಿಮೆ ಆಂಧ್ರವೇ ಇರುವ ತಾಲ್ಲೂಕು ಅದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹಾಗಾಗಿ ತೆಲುಗಿಗೆ ಡಬ್ ಆದದ್ದೆಲ್ಲ ಅವರಿಗೆ ಸಲೀಸು. ‘ಸ್ಟ್ರೇಂಜರ್ ಥಿಂಗ್ಸ್’ ತೆಲುಗಿನಲ್ಲಿ ಸಿಗುತ್ತದೆ. ಅದರ ಮೂರನೇ ಸೀಸನ್ನಿನಲ್ಲಿ, 2019ರಲ್ಲಿ, ಐಸ್‌ಕ್ರೀಂ ಅಂಗಡಿಯಲ್ಲಿ ಕೆಲಸ ಮಾಡುವ ರಾಬಿನ್ ಎಂಬ ಹುಡುಗಿ ಟಾಯ್ಲೆಟ್ಟಿನ ನೆಲದ ಮೇಲೆ ಕೂತು, ತನಗೆ ಇಷ್ಟವಾಗಿದ್ದದ್ದು ಒಬ್ಬ ಹುಡುಗಿ ಎಂದು ಜೊತೆಯ ಹುಡುಗನಿಗೆ ಹೇಳುತ್ತಾಳೆ. ಅವನು ಅವಳನ್ನು ಇಷ್ಟಪಟ್ಟಿದ್ದವನು. ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಆ ಇನ್ನೊಬ್ಬ ಹುಡುಗಿಯ ಹಾಡುಗಾರಿಕೆಯನ್ನು ಆಡಿಕೊಂಡು ಇವಳನ್ನು ನಗಿಸುತ್ತಾನೆ. ಅಷ್ಟೇ. ಸ್ನೇಹ ಮುಂದುವರಿಯುತ್ತದೆ.

ಹತ್ತನೇ ಕ್ಲಾಸಿನ ಹುಡುಗನೊಬ್ಬ ಇಂಥ ವಿಷಯ ತನ್ನೊಳಗೇ ಇಟ್ಟುಕೊಂಡು ಓಡಾಡುತ್ತಿದ್ದರೆ ಅವನಿಗೆ ಈ ದೃಶ್ಯ ಏನಾಗಿ ಕಾಣುತ್ತದೆ ಅನ್ನುವುದನ್ನು ನಾವು ದೊಡ್ಡವರು ಊಹಿಸಬೇಕಷ್ಟೆ. ಅವನು ನಮ್ಮ ಹತ್ತಿರ ಬಂದು ಹೇಳುವುದಿಲ್ಲ.

ನಮ್ಮ ತಲೆಮಾರಿಗೆ ಈ ಭಾಗ್ಯವಿರಲಿಲ್ಲ. ದೂರದರ್ಶನ ಬಿಟ್ಟರೆ ಗತಿಯಿಲ್ಲದ 80ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ಹಳೆಯ ಸ್ಟಾರ್ ಟ್ರೆಕ್ ಬರುತ್ತಿತ್ತು. ಇಂಗ್ಲಿಷ್ ಮಾತು ತಲೆಗೆ ಹೋಗದಿದ್ದರೂ ಹಡಗು ನೋಡುವುದಕ್ಕೆ ಕೂರುತ್ತಿದ್ದೆವು. 1989ರಲ್ಲಿ ‘ಇಂದ್ರಧನುಷ್’ ಬಂತು. ಹಿಂದಿಯ ಮಕ್ಕಳ ಧಾರಾವಾಹಿ. ಹುಡುಗರು ಸೇರಿ ಕಂಪ್ಯೂಟರ್ ಕಟ್ಟುತ್ತಾರೆ, ಅನ್ಯಗ್ರಹದವರು ಬರುತ್ತಾರೆ, ಕಾಲದಲ್ಲಿ ಹಿಂದೆ ಮುಂದೆ ಪ್ರಯಾಣ ನಡೆಯುತ್ತದೆ. ಅದರಲ್ಲಿ ಶ್ರೀಕಾಂತ್ ಎಂಬ ಹುಡುಗನ ಪಾತ್ರ ಮಾಡಿದವರು ಕರಣ್ ಜೋಹರ್. ಹೌದು, ಮುಂದೆ ಹಿಂದಿ ಸಿನಿಮಾದ ದೊಡ್ಡ ನಿರ್ದೇಶಕರಾದ ಅವರೇ. 2017ರಲ್ಲಿ ಬಂದ ಆತ್ಮಕಥೆಯಲ್ಲಿ ಅವರು ಒಂದು ಮಾತು ಬರೆದರು. ತನ್ನ ಒಲವು ಯಾವ ಕಡೆಗೆ ಎಂದು ಲೋಕಕ್ಕೆಲ್ಲ ಗೊತ್ತಿದೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಜೈಲಿಗೆ ಹಾಕಬಹುದಾದ ದೇಶದಲ್ಲಿದ್ದೇನೆ ಎಂದು. ಭಾರತದ ಮೊದಮೊದಲ ವಿಜ್ಞಾನ ಧಾರಾವಾಹಿಗಳಲ್ಲೊಂದರಲ್ಲಿ ಕಾಲದಾಚೆಗಿನ ಕಥೆ ಆಡಿದ ಹುಡುಗ 28 ವರ್ಷ ಕಳೆದ ಮೇಲೂ ಬ್ರಿಟಿಷರು 1860ರಲ್ಲಿ ಬರೆದಿಟ್ಟ ದಂಡ ಸಂಹಿತೆಯ 377ನೇ ಸೆಕ್ಷನ್ನಿಗೆ ಹೆದರಬೇಕಾಗಿತ್ತು. ಯಾವ ಕಥೆಗಾರನೂ ಇದಕ್ಕಿಂತ ವಿಚಿತ್ರವಾದ ಕಾಲಪ್ರಯಾಣ ಬರೆಯಲಾರ.

ಅಮೆರಿಕದ್ದೂ ಅದೇ ಕಥೆ. ಹಳೆಯ ಸ್ಟಾರ್ ಟ್ರೆಕ್ಕಿನಲ್ಲಿ ಹಡಗು ನಡೆಸುವ ಸುಲು ಪಾತ್ರದ ಜಾರ್ಜ್ ಟಕೇ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದ್ದು 2005ರಲ್ಲಿ. ಆಗ ಅವರಿಗೆ 68 ವರ್ಷ. ಚಿಕ್ಕ ಹುಡುಗನಾಗಿದ್ದಾಗ, ಎರಡನೇ ಮಹಾಯುದ್ಧದ ಕಾಲದಲ್ಲಿ, ಜಪಾನ್ ಮೂಲದವರೆಂಬ ಒಂದೇ ಕಾರಣಕ್ಕೆ ಮನೆಯವರ ಜೊತೆ ಮುಳ್ಳುತಂತಿಯ ಶಿಬಿರದಲ್ಲಿ ಬಂದಿಯಾಗಿದ್ದವರು ಅವರು. ಪರದೆಯ ಮೇಲೆ 23ನೇ ಶತಮಾನದ ಸ್ವತಂತ್ರ ಮನುಷ್ಯ, ಕ್ಯಾಮೆರಾ ಆಫ್ ಆದ ಮೇಲೆ ಗುಟ್ಟು ಬಯಲಾದರೆ ಅನ್ನ ಹೋದೀತು ಎಂದು ಹೆದರುವ ನಟ. ಸ್ಟಾರ್ ಟ್ರೆಕ್ಕಿನ ಸೃಷ್ಟಿಕರ್ತ ಜೀನ್ ರಾಡನ್‌ಬೆರಿಯನ್ನು ಒಂದು ಪಾರ್ಟಿಯಲ್ಲಿ ಪಕ್ಕಕ್ಕೆ ಕರೆದು, ಇಂಥ ಜನರ ಕಥೆಯನ್ನೂ ತರಬಹುದಲ್ಲ ಎಂದು ಕೇಳಿದ್ದಾಗಿ ಟಕೇ ಹೇಳಿಕೊಂಡಿದ್ದಾರೆ. 1968ರಲ್ಲಿ ಬಿಳಿಯ ಕ್ಯಾಪ್ಟನ್ನು ಕಪ್ಪು ಅಧಿಕಾರಿಣಿಗೆ ಮುತ್ತಿಟ್ಟ ಕಂತಿಗೇ ನೋಡುಗರು ಕಡಿಮೆಯಾದರು, ಇನ್ನೂ ಮುಂದೆ ಹೋದರೆ ಧಾರಾವಾಹಿಯನ್ನೇ ನಿಲ್ಲಿಸುತ್ತಾರೆ ಅಂದರಂತೆ ರಾಡನ್‌ಬೆರಿ. ವ್ಯಾಪಾರಿಯ ಉತ್ತರ. ಆದರೆ ಸುಳ್ಳು ಉತ್ತರವಲ್ಲ.

1987ರಲ್ಲಿ ಹೊಸ ಸ್ಟಾರ್ ಟ್ರೆಕ್ ಶುರುವಾಗುವ ಹೊತ್ತಿಗೆ ಇನ್ನು ಸಲಿಂಗಿ ಪಾತ್ರಗಳೂ ಬರುತ್ತವೆ ಎಂದು ಅದೇ ರಾಡನ್‌ಬೆರಿ ಅಭಿಮಾನಿಗಳಿಗೆ ಮಾತು ಕೊಟ್ಟರು. ಅದನ್ನು ನಂಬಿದ ಡೇವಿಡ್ ಜೆರಾಲ್ಡ್ ಎಂಬ ಬರಹಗಾರ ‘ಬ್ಲಡ್ ಅಂಡ್ ಫೈರ್’ ಎಂಬ ಕಂತು ಬರೆದುಕೊಟ್ಟರು. ಏಡ್ಸ್ ಭಯ ಊರೆಲ್ಲ ಹಬ್ಬಿದ್ದ ಕಾಲ. ಕಥೆಯಲ್ಲಿ ಒಂದು ಸೋಂಕು, ಹಡಗಿನಲ್ಲಿ ಜೊತೆಯಾಗಿ ಬದುಕುವ ಇಬ್ಬರು ಗಂಡಸರು. ಅದು ಚಿತ್ರೀಕರಣವಾಗಲೇ ಇಲ್ಲ. ಜೆರಾಲ್ಡ್ ಕೆಲಸ ಬಿಟ್ಟರು. ಎರಡು ದಶಕ ಕಳೆದ ಮೇಲೆ ಅಭಿಮಾನಿಗಳೇ ದುಡ್ಡು ಹಾಕಿ ನಡೆಸುತ್ತಿದ್ದ ಸರಣಿಯೊಂದರಲ್ಲಿ ಸ್ವತಃ ಅವರೇ ಅದನ್ನು ನಿರ್ದೇಶಿಸಬೇಕಾಯಿತು.

ಬಾಗಿಲು ಮುಚ್ಚಿದ್ದರಿಂದ ಕಥೆ ಬರೆಯುವವರು ಕಿಟಕಿ ಹುಡುಕಿದರು. ಆ ಕಿಟಕಿಯ ಹೆಸರು ಅನ್ಯಗ್ರಹ. 1991ರ ಕಂತೊಂದರಲ್ಲಿ ಹಡಗಿನ ವೈದ್ಯೆ ಬೆವರ್ಲಿ ಕ್ರಷರ್‌ಗೆ ಒಬ್ಬ ರಾಯಭಾರಿಯ ಮೇಲೆ ಪ್ರೀತಿ ಹುಟ್ಟುತ್ತದೆ. ಅವನ ನಿಜವಾದ ಜೀವ ಮೈಯೊಳಗೆ ವಾಸಿಸುವ ಇನ್ನೊಂದು ಪ್ರಾಣಿ. ಮೈ ಸತ್ತರೆ ಬೇರೆ ಮೈಗೆ ಹೋಗುತ್ತದೆ. ಹಾಗೆ ಹೋದ ಹೊಸ ಮೈ ಹೆಂಗಸಿನದಾದಾಗ ಡಾಕ್ಟರಮ್ಮ ಹಿಂದೆ ಸರಿಯುತ್ತಾಳೆ. ಮರುವರ್ಷ ‘ದಿ ಔಟ್‌ಕಾಸ್ಟ್’ ಎಂಬ ಕಂತು. ಗಂಡು ಹೆಣ್ಣೆಂಬ ಭೇದವೇ ಇಲ್ಲದ ಸಮಾಜವೊಂದರಲ್ಲಿ ಸೋರೆನ್ ಎಂಬ ವ್ಯಕ್ತಿಗೆ ತಾನು ಹೆಣ್ಣು ಅನ್ನಿಸುತ್ತದೆ, ಹಡಗಿನ ಅಧಿಕಾರಿ ರೈಕರ್ ಮೇಲೆ ಮನಸ್ಸಾಗುತ್ತದೆ. ಗುಟ್ಟು ಬಯಲಾದಾಗ ಅವಳ ಜನ ಅವಳಿಗೆ ‘ಚಿಕಿತ್ಸೆ’ ಕೊಟ್ಟು ಸರಿಮಾಡಿಬಿಡುತ್ತಾರೆ. ರೈಕರ್ ಬಿಡಿಸಲು ಬರುವ ಹೊತ್ತಿಗೆ ಅವಳು ಶಾಂತಳಾಗಿ, ತನಗೆ ಕಾಯಿಲೆ ಇತ್ತು, ಈಗ ಗುಣವಾಯಿತು ಅನ್ನುತ್ತಾಳೆ. ನೋಡುವವರ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸುವ ದೃಶ್ಯ. ಮಗನನ್ನು ಮಂತ್ರವಾದಿಯ ಹತ್ತಿರವೋ ಡಾಕ್ಟರ ಹತ್ತಿರವೋ ಕರೆದೊಯ್ದ ಮನೆಗಳು ನಮ್ಮ ಸೀಮೆಯಲ್ಲೂ ಇಲ್ಲವೆ? ಆದರೆ ಆ ಪಾತ್ರಕ್ಕೆ ಹಾಕಿಕೊಂಡದ್ದು ನಟಿಯನ್ನು. ರೈಕರ್ ಪಾತ್ರ ಮಾಡಿದ ಜೊನಾಥನ್ ಫ್ರೇಕ್ಸ್ ಅವರೇ ಆಮೇಲೆ, ಅಲ್ಲಿ ಗಂಡು ನಟ ಇರಬೇಕಿತ್ತು ಎಂದು ಅಸಮಾಧಾನ ತೋಡಿಕೊಂಡರು. ಗಂಡಸಿಗೆ ಹೆಂಗಸು ಮುತ್ತಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ, ಎಲ್ಲರೂ ಬಚಾವ್.

ವೇಷ ಹಾಕಿಸಿ ಹೇಳುವ ಈ ಉಪಾಯ ನಮಗೆ ಹೊಸದಲ್ಲ. ಮೂಡಲಪಾಯ ಯಕ್ಷಗಾನ ಬೆಳೆದ ಜಿಲ್ಲೆ ನಮ್ಮದು. ಕೊರಟಗೆರೆ, ಮಧುಗಿರಿಯ ಹಳ್ಳಿಗಳಲ್ಲಿ ಇವತ್ತಿಗೂ ಹಬ್ಬ ಜಾತ್ರೆಗೆ ಸೀನರಿ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಪಾತ್ರಕ್ಕೆ ಇಷ್ಟು ಎಂದು ಕೈಯಿಂದಲೇ ದುಡ್ಡು ಕೊಟ್ಟು ರೈತರು, ಮೇಷ್ಟ್ರುಗಳು, ಲೈನ್‌ಮನ್‌ಗಳು ಕುರುಕ್ಷೇತ್ರ ಆಡುತ್ತಾರೆ. ಈಗ ದ್ರೌಪದಿಗೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಹಿಂದೆ ಊರಿನ ಹುಡುಗನೇ ಸೀರೆ ಉಡುತ್ತಿದ್ದ. ಭಸ್ಮಾಸುರ ಮೋಹಿನಿಯ ಹಿಂದೆ ಕುಣಿದರೆ ಅಜ್ಜಿಯರೂ ಚಪ್ಪಾಳೆ ತಟ್ಟುತ್ತಾರೆ, ಆ ಮೋಹಿನಿ ವಿಷ್ಣುವೇ ಎಂದು ಗೊತ್ತಿದ್ದೂ. ಇದನ್ನೇ ಹಿಡಿದುಕೊಂಡು ‘ನಮ್ಮಲ್ಲಿ ಇದೆಲ್ಲ ಮೊದಲಿನಿಂದ ಇತ್ತು, ನಾವು ಉದಾರಿಗಳು’ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಅಷ್ಟಾಗಿ ಆಗಿಬರುವುದಿಲ್ಲ. ಬೃಹನ್ನಳೆಗೆ ಕೈಮುಗಿದ ಅದೇ ಜನ ಬೆಳಿಗ್ಗೆ ಎದ್ದು, ನಡಿಗೆ ಸ್ವಲ್ಪ ಮೆದುವಾಗಿರುವ ಹುಡುಗನನ್ನು ಏನೆಂದು ಕೂಗುತ್ತಾರೆ ಅನ್ನುವುದು ನಮಗೆ ಗೊತ್ತಿಲ್ಲದ್ದಲ್ಲ. ವೇಷದಲ್ಲಿದ್ದಾಗ ಎಲ್ಲ ಸರಿ. ಬಣ್ಣ ತೊಳೆದು, ಪ್ಯಾಂಟು ಷರಟು ಹಾಕಿಕೊಂಡು, ‘ಇವನು ನನ್ನವನು’ ಎಂದು ಇನ್ನೊಬ್ಬನ ಪಕ್ಕ ನಿಂತರೆ ಮಾತ್ರ ಕಷ್ಟ. ಪುರಾಣವಾಗಲಿ ಅನ್ಯಗ್ರಹವಾಗಲಿ, ಕೊಡುವ ಸಲಿಗೆ ಇಷ್ಟೇ.

ವೇಷದೊಳಗಿಂದ ಅತಿ ಹತ್ತಿರಕ್ಕೆ ಬಂದದ್ದು ಸ್ಟಾರ್ ಟ್ರೆಕ್ಕಿನದೇ ಇನ್ನೊಂದು ಸರಣಿಯಾದ ‘ಡೀಪ್ ಸ್ಪೇಸ್ ನೈನ್’ನ 1995ರ ಒಂದು ಕಂತು. ಹಿಂದಿನ ಜನ್ಮದಂಥ ಇನ್ನೊಂದು ಮೈಯಲ್ಲಿ ಗಂಡ ಹೆಂಡತಿಯಾಗಿದ್ದವರು ಈಗ ಇಬ್ಬರು ಹೆಂಗಸರಾಗಿ ಎದುರಾಗುತ್ತಾರೆ. ಅವರ ಸಮಾಜದ ಕಟ್ಟಳೆ ಹಳೆಯ ಸಂಬಂಧ ಮುಂದುವರಿಸಬೇಡಿ ಅನ್ನುತ್ತದೆಯೇ ಹೊರತು, ಇಬ್ಬರೂ ಹೆಂಗಸರು ಎಂಬ ಮಾತನ್ನು ಇಡೀ ಕಂತಿನಲ್ಲಿ ಯಾರೂ ಎತ್ತುವುದಿಲ್ಲ. ಆ ಮೌನವೇ ಆ ಕಂತಿನ ಜಾಣತನ.

ವೇಷವನ್ನೇ ಕಿತ್ತೆಸೆದವರು ಬ್ರಿಟನ್ನಿನ ರಸೆಲ್ ಟಿ. ಡೇವಿಸ್. ಮ್ಯಾಂಚೆಸ್ಟರಿನ ಸಲಿಂಗಿ ಗೆಳೆಯರ ಬದುಕಿನ ಮೇಲೆ 1999ರಲ್ಲೇ ‘ಕ್ವಿಯರ್ ಆಸ್ ಫೋಕ್’ ಬರೆದು ಗದ್ದಲ ಎಬ್ಬಿಸಿದ್ದವರು. 2005ರಲ್ಲಿ ಬಿಬಿಸಿ ತನ್ನ ಹಳೆಯ ‘ಡಾಕ್ಟರ್ ಹೂ’ ಧಾರಾವಾಹಿಗೆ ಮತ್ತೆ ಜೀವ ಕೊಡುವ ಕೆಲಸವನ್ನು ಇವರಿಗೇ ಒಪ್ಪಿಸಿತು. ಶನಿವಾರ ಸಂಜೆ ಮನೆಮಂದಿಯೆಲ್ಲ ಕೂತು ನೋಡುವ ಕಾರ್ಯಕ್ರಮ ಅದು. ಅದಕ್ಕೆ ಡೇವಿಸ್ ಕ್ಯಾಪ್ಟನ್ ಜ್ಯಾಕ್ ಎಂಬ ಪಾತ್ರ ತಂದರು. 51ನೇ ಶತಮಾನದವನು, ಗಂಡು ಹೆಣ್ಣು ಅನ್ಯಗ್ರಹದವರು ಎನ್ನದೆ ಎಲ್ಲರ ಜೊತೆಗೂ ಚೆಲ್ಲಾಟವಾಡುವವನು, ಜೊತೆಗೆ ಪ್ರಾಣ ಕೊಡುವಷ್ಟು ಧೈರ್ಯವಂತ. ಮಕ್ಕಳು ಅವನನ್ನು ಕಥಾನಾಯಕನೆಂದೇ ಕಂಡರು. ಬ್ರಿಟನ್ ಮುಳುಗಿಹೋಗಲಿಲ್ಲ. ಮುಂದೆ ಅವನಿಗಾಗಿಯೇ ‘ಟಾರ್ಚ್‌ವುಡ್’ ಎಂಬ ಬೇರೆ ಧಾರಾವಾಹಿ ಹುಟ್ಟಿತು. ಅಲ್ಲಿ ಅವನಿಗೆ ಇಯಾಂಟೊ ಜೋನ್ಸ್ ಎಂಬ ಸಂಗಾತಿ. ಸದಾ ಸೂಟು ತೊಟ್ಟು, ಎಲ್ಲರಿಗೂ ಕಾಫಿ ಮಾಡಿಕೊಡುವ ಮೆಲುಮಾತಿನ ಹುಡುಗ.

ಆ ಹುಡುಗನನ್ನು 2009ರಲ್ಲಿ ಸಾಯಿಸಿದರು. ಜ್ಯಾಕ್‌ನ ತೋಳಿನಲ್ಲೇ. ಕಾರ್ಡಿಫ್ ನಗರದ ಕೊಲ್ಲಿಯ ದಂಡೆಯಲ್ಲಿ ಅಭಿಮಾನಿಗಳು ಹೂವು, ಚೀಟಿ, ಫೋಟೋ ತಂದು ಅಂಟಿಸಿದರು. ಅದು ಬೆಳೆದು ಬೆಳೆದು, ಇಲ್ಲದ ಮನುಷ್ಯನೊಬ್ಬನ ಸ್ಮಾರಕವಾಗಿ ಪ್ರವಾಸಿಗರು ಹುಡುಕಿಕೊಂಡು ಬರುವ ಜಾಗವೇ ಆಯಿತು. ಟಿವಿಯ ಒಂದು ಪಾತ್ರ ಸತ್ತರೆ ಇಷ್ಟೆಲ್ಲ ಯಾಕೆ ಎಂದು ನಗುವವರು ಒಂದು ಲೆಕ್ಕ ಗಮನಿಸಬೇಕು. ಇದ್ದವರೇ ಬೆರಳೆಣಿಕೆ, ಅದರಲ್ಲಿ ಒಬ್ಬನನ್ನು ಕಳೆದರೆ ಉಳಿಯುವುದೆಷ್ಟು? 2016ರಲ್ಲಿ ‘ದಿ ಹಂಡ್ರೆಡ್’ ಧಾರಾವಾಹಿಯಲ್ಲಿ ಲೆಕ್ಸಾ ಎಂಬ ಯೋಧೆ ತಾನು ಪ್ರೀತಿಸಿದವಳನ್ನು ಕೂಡಿದ ಕಂತಿನಲ್ಲೇ, ಯಾರಿಗೋ ಹಾರಿಸಿದ ಗುಂಡು ತಗುಲಿ ಸತ್ತಳು. ಸಿಟ್ಟಿಗೆದ್ದ ಅಭಿಮಾನಿಗಳು ಆತ್ಮಹತ್ಯೆ ತಡೆಯುವ ಸಂಸ್ಥೆಯೊಂದಕ್ಕೆ ಹಣ ಕೂಡಿಸಿ ಕೊಟ್ಟು ತಮ್ಮ ದುಃಖ ತೋರಿಸಿದರು. ಇಷ್ಟಾದರೂ ಬುದ್ಧಿ ಬಂದಿರಲಿಲ್ಲ. 2018ರ ಜನವರಿಯಲ್ಲಿ ಸ್ಟಾರ್ ಟ್ರೆಕ್ಕಿನವರು ಡಾಕ್ಟರ್ ಕಲ್ಬರ್‌ನ ಕತ್ತು ಮುರಿದರು. ಹಾಹಾಕಾರ ಎದ್ದಿತು, ಅವನ ಕಥೆ ಇನ್ನೂ ಮುಗಿದಿಲ್ಲ ಎಂದು ನಿರ್ಮಾಪಕರು ಆಗಿಂದಾಗಲೇ ಸಮಾಧಾನ ಹೇಳಬೇಕಾಯಿತು. ಮುಂದಿನ ಸೀಸನ್ನಿನಲ್ಲಿ ಅವನನ್ನು ಬದುಕಿಸಿ ತಂದರು. ವಿಜ್ಞಾನ ಕಥೆಯಾದ್ದರಿಂದ ಅಷ್ಟು ಅನುಕೂಲ.

ಊರು ಒಪ್ಪದ ಪ್ರೀತಿಯನ್ನು ಸಾಯಿಸಿ ಮುಗಿಸುವ ಈ ಪಾಠವನ್ನು ಕನ್ನಡದ ಪ್ರೇಕ್ಷಕನಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಶಿರಾದಿಂದ ಹೆದ್ದಾರಿ ಹಿಡಿದು ಹಿರಿಯೂರು ದಾಟಿದರೆ ಚಿತ್ರದುರ್ಗ. 1972ರಲ್ಲಿ ಪುಟ್ಟಣ್ಣ ಕಣಗಾಲರು ಆ ಕೋಟೆಯ ಬಂಡೆಗಳ ಮೇಲೆ ‘ನಾಗರಹಾವು’ ತೆಗೆದರು. ಬ್ರಾಹ್ಮಣ ಹುಡುಗ ರಾಮಾಚಾರಿ, ಕ್ರಿಶ್ಚಿಯನ್ ಹುಡುಗಿ ಮಾರ್ಗರೆಟ್. ಊರು ಒಪ್ಪದ ಪ್ರೀತಿ. ಕೊನೆಗೆ ಇಬ್ಬರೂ ಬೆಟ್ಟದಿಂದ ಹಾರುತ್ತಾರೆ. ಥಿಯೇಟರಿನಲ್ಲಿ ಅತ್ತವರೆಲ್ಲ ಮನೆಗೆ ಬಂದು ಸುಖವಾಗಿ ಊಟ ಮಾಡಿ ಮಲಗಿದರು. ಯಾಕೆಂದರೆ ಅವರಿಬ್ಬರು ಬದುಕಿ, ಇದೇ ಬೀದಿಯಲ್ಲಿ ಬಾಡಿಗೆಗೆ ಮನೆ ಕೇಳಿಕೊಂಡು ಬರುವ ಪ್ರಸಂಗ ಎದುರಾಗಲಿಲ್ಲವಲ್ಲ. ಒಪ್ಪಿಗೆಯಿಲ್ಲದ ಪ್ರೀತಿಗೆ ಕಣ್ಣೀರು ಸುರಿಸುವುದು ಸುಲಭ, ಬಾಡಿಗೆ ಮನೆ ಕೊಡುವುದು ಕಷ್ಟ. ಅಮೆರಿಕದ ಟಿವಿ ತನ್ನ ಸಲಿಂಗಿ ಪಾತ್ರಗಳಿಗೆ ಮಾಡಿದ್ದೂ ಇದನ್ನೇ.

ಹಾಗಂತ ಸಾವೇ ಬರಬಾರದು ಎಂದಲ್ಲ. 2023ರ ಜನವರಿಯಲ್ಲಿ ಬಂದ ‘ದಿ ಲಾಸ್ಟ್ ಆಫ್ ಅಸ್’ನ ಮೂರನೇ ಕಂತನ್ನು ನೋಡಿ. ಶಿಲೀಂಧ್ರದ ಸೋಂಕಿಗೆ ಲೋಕವೇ ಹಾಳಾಗಿದೆ. ಬಿಲ್ ಎಂಬ ಒಂಟಿ, ಸಿಡುಕ ಮನುಷ್ಯ ಊರಿಗೆಲ್ಲ ಬೇಲಿ ಹಾಕಿಕೊಂಡು, ಬಂದೂಕು ಜೋಡಿಸಿಕೊಂಡು ಬದುಕಿದ್ದಾನೆ. ಅವನು ತೋಡಿದ ಗುಂಡಿಗೆ ಫ್ರಾಂಕ್ ಎಂಬುವನು ಬಂದು ಬೀಳುತ್ತಾನೆ. ಹಸಿದವನಿಗೆ ಒಂದು ಊಟ ಹಾಕಿ ಕಳಿಸೋಣ ಎಂದು ಶುರುವಾದದ್ದು ಹದಿನಾರು ವರ್ಷದ ಸಂಸಾರವಾಗುತ್ತದೆ. ಫ್ರಾಂಕ್ ಗುಟ್ಟಾಗಿ ಬೀಜ ತರಿಸಿ ಸ್ಟ್ರಾಬೆರಿ ಬೆಳೆದಿರುತ್ತಾನೆ. ಎಷ್ಟೋ ವರ್ಷದ ಮೇಲೆ ಒಂದು ಹಣ್ಣು ಬಾಯಿಗಿಟ್ಟ ಬಿಲ್ ಚಿಕ್ಕ ಹುಡುಗನ ಹಾಗೆ ಕಿಸಕ್ಕನೆ ನಗುತ್ತಾನೆ. ಇಬ್ಬರೂ ಮುದುಕರಾಗಿ, ಫ್ರಾಂಕ್‌ಗೆ ಕಾಯಿಲೆ ಬಂದು, ತಾವೇ ನಿರ್ಧರಿಸಿ ಸಾಯುತ್ತಾರೆ. ಇಲ್ಲಿ ಸಾವು ಅವರ ಪ್ರೀತಿಗೆ ವಿಧಿಸಿದ ಶಿಕ್ಷೆಯಲ್ಲ, ತುಂಬು ಬದುಕಿನ ಕೊನೆ. ಬಿಲ್ ಪಾತ್ರದ ನಿಕ್ ಆಫರ್‌ಮನ್‌ಗೆ ಎಮ್ಮಿ ಪ್ರಶಸ್ತಿ ಬಂತು. 2016ರ ‘ಬ್ಲ್ಯಾಕ್ ಮಿರರ್’ ಸರಣಿಯ ‘ಸ್ಯಾನ್ ಜುನಿಪೆರೊ’ ಕೂಡ ಇದೇ ಸಾಲಿನದು. ಆಸ್ಪತ್ರೆಯ ಹಾಸಿಗೆಯಲ್ಲಿ ಮೈ ಆಡದೆ ಮಲಗಿದ ಮುದುಕಿಯೊಬ್ಬಳಿಗೆ ಯಂತ್ರದೊಳಗಿನ ಊರಲ್ಲಿ ಹರೆಯ ಮತ್ತು ಗೆಳತಿ ಎರಡೂ ಸಿಗುತ್ತವೆ. ನನ್ನ ಮಟ್ಟಿಗೆ ಈ ಎರಡು ಕಂತುಗಳು ಉಳಿದದ್ದೆಲ್ಲಕ್ಕಿಂತ ಮೇಲು.

ಇನ್ನೊಂದು ತಕರಾರು ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಥೆಗೆ ಬೇಡದಿದ್ದರೂ ಇಂಥ ಪಾತ್ರವೊಂದನ್ನು ಹಾಜರಿ ಹಾಕಿಸುವುದಕ್ಕೆಂದೇ ತುರುಕುತ್ತಾರೆ ಅನ್ನುವುದು. ಹಾಜರಿ ಪಾತ್ರಗಳು ಇರುವುದು ನಿಜ. 2016ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಹೊಸ ಸುಲುಗೆ ಒಬ್ಬ ಗಂಡನನ್ನೂ ಮಗಳನ್ನೂ ಕೊಟ್ಟರು. ಕಣ್ಣು ಮಿಟುಕಿಸುವಷ್ಟರಲ್ಲಿ ದೃಶ್ಯ ಮುಗಿಯಿತು. ಹಳೆಯ ಸುಲುವಿಗೆ ಗೌರವ ಎಂದು ಮಾಡಿದ್ದು ಹಳೆಯ ಸುಲು ಟಕೇ ಅವರಿಗೇ ಹಿಡಿಸಲಿಲ್ಲ. ರಾಡನ್‌ಬೆರಿ ಬರೆದ ಪಾತ್ರವನ್ನು ತಿರುಚುವ ಬದಲು ಹೊಸ ಪಾತ್ರ ಬರೆಯಿರಿ ಅಂದರು ಅವರು. ಅವರ ಮಾತಿನಲ್ಲಿ ಹುರುಳಿದೆ. ಆದರೆ ಹಾಜರಿ ಪಾತ್ರ ಕೆಟ್ಟದ್ದಾಗುವುದು ಅವನು ಸಲಿಂಗಿ ಎಂಬ ಕಾರಣಕ್ಕಲ್ಲ. ಅವನಿಗೆ ಅದೊಂದನ್ನು ಬಿಟ್ಟು ಬೇರೆ ಕೆಲಸವಿಲ್ಲ, ಸಿಟ್ಟಿಲ್ಲ, ಸಾಲವಿಲ್ಲ, ಸೋದರಮಾವನಿಲ್ಲ ಎಂಬ ಕಾರಣಕ್ಕೆ.

ಕನ್ನಡದಲ್ಲಿ ಏನಿದೆ? ಪುಸ್ತಕದಲ್ಲಿ ಇದೆ. ಬಳ್ಳಾರಿ ಸೀಮೆಯ ಸಂಡೂರಿನ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಕಥೆಗಳನ್ನು ಪ್ರಕಟಿಸಿ, ಅದರ ಜೊತೆಗೇ ತಮ್ಮ ಬದುಕನ್ನೂ ತೆರೆದಿಟ್ಟರು. ಸುಪ್ರೀಂ ಕೋರ್ಟು ದೆಹಲಿ ಹೈಕೋರ್ಟಿನ ತೀರ್ಪನ್ನು ಬದಿಗೊತ್ತಿ 377ನೇ ಸೆಕ್ಷನ್ನಿಗೆ ಮತ್ತೆ ಜೀವ ಕೊಟ್ಟದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. ಸಾಫ್ಟ್‌ವೇರ್ ಕೆಲಸ ಮಾಡಿ, ಅಡುಗೆ ಮಾಡಿ, ಪ್ರೀತಿಸಿದವನ ಮದುವೆಗೆ ಎದೆ ಸುಟ್ಟುಕೊಳ್ಳುವ ಮೋಹನಸ್ವಾಮಿ ವೇಷವಿಲ್ಲದ ಪಾತ್ರ. ಸಿನಿಮಾದಲ್ಲಿ ‘ನಾನು ಅವನಲ್ಲ… ಅವಳು’ ಬಂತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಬಿ.ಎಸ್. ಲಿಂಗದೇವರು ತೆಗೆದ ಈ ಚಿತ್ರದ ಪಾತ್ರಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಅದು ಲಿಂಗ ಬದಲಿಸಿಕೊಂಡ ಹೆಣ್ಣಿನ ಕಥೆ, ಸಲಿಂಗಿಯದಲ್ಲ. ಎರಡನ್ನೂ ಒಂದೇ ಮಾಡುವ ಅಭ್ಯಾಸ ನಮಗೆ ಇರುವುದರಿಂದ ಹೇಳಬೇಕಾಯಿತು. ಟಿವಿಗೆ ಬಂದರೆ ಖಾಲಿ. ಕಾಮಿಡಿ ಶೋಗಳಲ್ಲಿ ಸೀರೆ ಉಟ್ಟು ಸೊಂಟ ಬಳುಕಿಸಿ ನಗಿಸುವವರು ಧಾರಾಳವಾಗಿ ಸಿಗುತ್ತಾರೆ. ಸಂಜೆಯ ಧಾರಾವಾಹಿಯಲ್ಲಿ ನಾಗಿಣಿಯರು ಇದ್ದಾರೆ, ಪುನರ್ಜನ್ಮ ಇದೆ, ಒಬ್ಬನೇ ಗಂಡನಿಗೆ ಇಬ್ಬರು ಹೆಂಡಿರು ಸದಾ ಇದ್ದಾರೆ. ಆ ಬೃಹತ್ ಕೂಡುಕುಟುಂಬಗಳಲ್ಲಿ ಮದುವೆಯೇ ಬೇಡವೆನ್ನುವ ಮಗನೊಬ್ಬನಿಗೆ ಅದು ಯಾಕೆ ಬೇಡ ಎಂದು ಕೇಳಿದ ಒಂದು ದೃಶ್ಯ ನಾನು ನೋಡಿಲ್ಲ.

ಹೊರಗಿನದಾದರೂ ನಮ್ಮ ಮಾತಿನಲ್ಲಿ ಬಂತೇ ಅಂದರೆ ಅದಕ್ಕೂ ಅಡ್ಡಗೋಡೆ. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಚಿತ್ರರಂಗ ಹಾಕಿಕೊಂಡಿದ್ದ ಕಟ್ಟುಪಾಡು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಟಿವಿಯಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡ ಮಾತಾಡಿದ್ದು 2020ರ ಲಾಕ್‌ಡೌನಿನಲ್ಲಿ. ಡಬ್ಬಿಂಗ್ ವಿರೋಧಕ್ಕೆ ಅದರದೇ ಕಾರಣಗಳಿದ್ದವು, ಕಲಾವಿದರ ಅನ್ನದ ಪ್ರಶ್ನೆ ಇತ್ತು, ಅದನ್ನು ಹಗುರ ಮಾಡುವುದಿಲ್ಲ. ಆದರೆ ಅದಕ್ಕೆ ತೆತ್ತ ಬೆಲೆ ಏನೆಂದರೆ, ರಾಬಿನ್ ತನ್ನ ಮನಸ್ಸಿನ ಮಾತನ್ನು ಪಾವಗಡದ ಹುಡುಗಿಗೆ ತೆಲುಗಿನಲ್ಲಿ ಹೇಳಬಲ್ಲಳು, ಕೊರಟಗೆರೆಯ ಹುಡುಗಿಗೆ ಕನ್ನಡದಲ್ಲಿ ಹೇಳಲಾರಳು.

ಕಾನೂನು ಟಿವಿಗಿಂತ ಮುಂದೆ ಹೋಗಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಪರಸ್ಪರ ಒಪ್ಪಿ ಇಟ್ಟುಕೊಂಡ ಸಂಬಂಧ ಅಪರಾಧವಲ್ಲ ಎಂದಿತು. ಮದುವೆಯ ಹಕ್ಕಿಗೆ 2023ರಲ್ಲಿ ಒಪ್ಪಲಿಲ್ಲ, ಅದು ಬೇರೆ. ಆದರೆ 2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ನಾರಿಮನ್ ಅವರು ಬರೆದ ಭಾಗದಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಒಂದು ಮಾತಿದೆ. ಈ ತೀರ್ಪಿನ ವಿಷಯವನ್ನು ಟಿವಿ, ರೇಡಿಯೊ, ಪತ್ರಿಕೆ, ಅಂತರ್ಜಾಲದ ಮೂಲಕ ಆಗಾಗ ಜನರಿಗೆ ತಿಳಿಸುತ್ತಿರಬೇಕು, ಈ ಜನರಿಗೆ ಅಂಟಿದ ಕಳಂಕ ಕಡಿಮೆಯಾಗುವಂತೆ ನೋಡಿಕೊಳ್ಳಬೇಕು ಎಂದು ಕೇಂದ್ರ ಸರ್ಕಾರಕ್ಕೆ ಹೇಳಿದ ಮಾತು. ಪಲ್ಸ್ ಪೋಲಿಯೊ ಜಾಹೀರಾತು ಟಿವಿಯಲ್ಲಿ ಬಂದದ್ದು ಎಲ್ಲರಿಗೂ ನೆನಪಿದೆ. ಇದರ ಜಾಹೀರಾತು ಕಂಡ ನೆನಪು ನಿಮಗಿದೆಯೆ? ನನಗಿಲ್ಲ.

ಸರ್ಕಾರ ಮಾಡುವವರೆಗೆ ಕಾಯಬೇಕಿಲ್ಲ. ಕನ್ನಡದಲ್ಲಿ ವೆಬ್ ಸರಣಿ ಬರೆಯುವ ಹೊಸ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ವಿಜ್ಞಾನ ಕಥೆಗೆ ಸೆಟ್ ಹಾಕಲು ದುಡ್ಡಿಲ್ಲ ಅನ್ನುತ್ತೀರಲ್ಲ, ಪಾವಗಡದ ತಿರುಮಣಿಗೆ ಬನ್ನಿ. 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಇದೆ. ಕಣ್ಣು ಹಾಯುವಷ್ಟು ದೂರ ನೀಲಿ ಗಾಜು, ನಡುವೆ ಅಲ್ಲಲ್ಲಿ ಉಳಿದುಕೊಂಡ ಊರು, ಮಳೆ ನಂಬಿ ಸೋತು ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಗೆ ಜಮೀನು ಕೊಟ್ಟ ರೈತರು. ಬೇರೆ ಗ್ರಹದಂತೆ ಕಾಣುವುದಕ್ಕೆ ಗ್ರಾಫಿಕ್ಸೂ ಬೇಕಾಗುವುದಿಲ್ಲ. ಅಲ್ಲಿ ಕೆಲಸ ಮಾಡುವ ಇಂಜಿನಿಯರ್ ಒಬ್ಬನನ್ನು ಬರೆಯಿರಿ. ಮಡಕಶಿರದ ಗಡಿಯಾಚೆಯವನಾಗಿರಲಿ, ತೆಲುಗು ಬೆರೆತ ಕನ್ನಡ ಆಡಲಿ, ಶನಿವಾರ ಶನಿಮಹಾತ್ಮನ ಗುಡಿಗೆ ಹೋಗುವ ತಾಯಿ ಇರಲಿ. ಆಕಾಶದಿಂದ ಏನು ಬೇಕಾದರೂ ಇಳಿಯಲಿ, ಅದನ್ನು ಮೊದಲು ಕಂಡವನು ಅವನೇ ಆಗಲಿ. ಅವನಿಗೊಬ್ಬ ಸಂಗಾತಿ ಇರಲಿ, ಶಿರಾದ ಕಾಲೇಜಿನಲ್ಲಿ ಪಾಠ ಮಾಡುವವನು. ಆ ವಿಷಯ ಕಥೆಯ ತಿರುವಾಗಬೇಕಿಲ್ಲ, ರಹಸ್ಯವಾಗಬೇಕಿಲ್ಲ, ಯಾರೂ ಅದಕ್ಕೆ ಭಾಷಣ ಮಾಡಬೇಕಿಲ್ಲ. ಮತ್ತೆ ದಯವಿಟ್ಟು, ಕಡೆಯ ಕಂತಿನವರೆಗೂ ಇಬ್ಬರನ್ನೂ ಬದುಕಿಸಿಡಿ.